ಓದುಗರ ಪ್ರಶ್ನೆ: ಸಿಪ್ಯಾಪ್ ಯಂತ್ರಕ್ಕೆ ಮನೆಯಲ್ಲೇ ಮಾಡಿಕೊಳ್ಳುವ ಮಾರ್ಪಾಡು

ನಿದ್ದೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ ಇರುವವರು ರಾತ್ರಿ ಹಾಕಿಕೊಳ್ಳುವ, ಮಾಸ್ಕಿನ ಮೂಲಕ ಒತ್ತಡದಲ್ಲಿ ಗಾಳಿ ಊದುವ ಸಿಪ್ಯಾಪ್ ಯಂತ್ರದ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಂಚಿಕೆ ಮೀಸಲು. ನಮ್ಮ ನಿಲುವನ್ನು ಮೊದಲೇ ಹೇಳಿಬಿಡುತ್ತೇವೆ: ಯಂತ್ರದ ಸುತ್ತಮುತ್ತ ಏನು ಅನುಕೂಲ ಬೇಕೋ ಮಾಡಿಕೊಳ್ಳಿ, ಗಾಳಿ ಸಾಗುವ ದಾರಿಗೆ ಮಾತ್ರ ಕೈ ಹಾಕಬೇಡಿ.

ಪ್ರಶ್ನೆ: ರಾತ್ರಿ ಕರೆಂಟ್ ಹೋದಾಗ ನಮ್ಮ ತಂದೆಯವರು ಉಸಿರು ಕಟ್ಟಿ ಎದ್ದು ಕೂರುತ್ತಾರೆ. ಹಾಲ್‌ನಲ್ಲಿ 150 ಆಂಪಿಯರ್-ಅವರ್ ಬ್ಯಾಟರಿಯ ಇನ್ವರ್ಟರ್ ಇದೆ. ಕಾರಿನ ಬ್ಯಾಟರಿಯಿಂದ ಯಂತ್ರಕ್ಕೆ ನೇರ ವೈರ್ ಕೊಟ್ಟರಾಯಿತು ಎನ್ನುತ್ತಾನೆ ನನ್ನ ಮಗ. ಕೊಡಬಹುದೇ? (ಮದ್ದೂರು)

ನೇರ ವೈರ್ ಬೇಡ. ಅಡಾಪ್ಟರಿನ ಮೇಲೆ ‘ಔಟ್‌ಪುಟ್’ ಎಂದು ಬರೆದಿರುವ ವೋಲ್ಟ್ ಎಷ್ಟೆಂದು ನೋಡಿ. ರೆಸ್‌ಮೆಡ್‌ನ ಏರ್‌ಸೆನ್ಸ್ 10 ಮತ್ತು 11 ನಡೆಯುವುದು 24 ವೋಲ್ಟ್‌ನಲ್ಲಿ, ಫಿಲಿಪ್ಸ್ ಡ್ರೀಮ್‌ಸ್ಟೇಷನ್ 12 ವೋಲ್ಟ್‌ನಲ್ಲಿ. 24 ವೋಲ್ಟ್ ಬೇಕಲ್ಲ ಎಂದು ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸುವವರಿದ್ದಾರೆ. ಚಾರ್ಜ್ ಆಗುತ್ತಿರುವಾಗ ಒಂದೊಂದು ಬ್ಯಾಟರಿ 14.4 ವೋಲ್ಟ್‌ವರೆಗೆ ಏರುತ್ತದೆ, ಎರಡೂ ಸೇರಿದರೆ 28.8. ಅಷ್ಟನ್ನೂ ಯಂತ್ರದ ಬೋರ್ಡ್ ತಡೆದುಕೊಳ್ಳಬೇಕಾಗುತ್ತದೆ. ಬ್ಯಾಟರಿಯಿಂದಲೇ ನಡೆಸಬೇಕೆಂದಿದ್ದರೆ ಬ್ಯಾಟರಿಯ ವೋಲ್ಟನ್ನು ಯಂತ್ರಕ್ಕೆ ಬೇಕಾದಷ್ಟಕ್ಕೆ ಹೊಂದಿಸುವ, ನಿಮ್ಮ ಮಾಡೆಲ್‌ಗೆಂದೇ ಕಂಪನಿ ಕೊಡುವ ಡಿಸಿ ಕನ್ವರ್ಟರ್ ತನ್ನಿ. ಬ್ಯಾಟರಿಯ ಪ್ಲಸ್ ಟರ್ಮಿನಲ್ಲಿಗೆ ಆದಷ್ಟು ಹತ್ತಿರದಲ್ಲಿ, ಕೈಪಿಡಿ ಹೇಳಿದಷ್ಟೇ ಆಂಪಿಯರಿನ ಫ್ಯೂಸ್ ಹಾಕಿಸಿ. ಫ್ಯೂಸ್ ದೂರದಲ್ಲಿದ್ದು, ಅದಕ್ಕೂ ಬ್ಯಾಟರಿಗೂ ನಡುವೆ ವೈರ್ ಶಾರ್ಟ್ ಆದರೆ ಫ್ಯೂಸ್ ಇದ್ದೂ ಪ್ರಯೋಜನವಿಲ್ಲ.

ಮನೆಯಲ್ಲಿ ಇನ್ವರ್ಟರ್ ಇರುವಾಗ ಈ ಪಾಡೇ ಬೇಡ. ಎಲೆಕ್ಟ್ರಿಷಿಯನ್‌ಗೆ ಹೇಳಿ ಇನ್ವರ್ಟರ್ ಲೈನನ್ನು ಮಲಗುವ ಕೋಣೆಯ ಒಂದು ಸಾಕೆಟ್ಟಿಗೆ ಎಳೆಸಿ. ಲೆಕ್ಕ ಹೀಗಿದೆ. ನೀರು ಬಿಸಿ ಮಾಡುವ ಹ್ಯೂಮಿಡಿಫೈಯರ್ ಆಫ್ ಇದ್ದರೆ ಮಧ್ಯಮ ಪ್ರೆಷರಿನಲ್ಲಿ ಯಂತ್ರ ಎಳೆಯುವುದು ಸುಮಾರು 10 ವಾಟ್, ಎಂದರೆ 8 ಗಂಟೆಗೆ 80 ವಾಟ್-ಅವರ್. ಹ್ಯೂಮಿಡಿಫೈಯರ್, ಬಿಸಿ ತಂತಿಯಿರುವ ಟ್ಯೂಬ್ ಎರಡೂ ನಡೆದರೆ 30ರಿಂದ 60 ವಾಟ್‌ವರೆಗೆ ಹೋಗಬಹುದು. ನಿಮ್ಮ 12 ವೋಲ್ಟ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವಾಟ್-ಅವರ್ ಇದೆ. ಅರ್ಧವನ್ನಷ್ಟೇ ನಂಬಿ, ಇನ್ವರ್ಟರ್ ತಾನೇ ತಿನ್ನುವುದನ್ನೂ ಕಳೆದರೂ ಯಂತ್ರಕ್ಕೆ ಇಡೀ ರಾತ್ರಿಗೆ ಸಾಕು. ಬ್ಯಾಟರಿ ಖಾಲಿ ಮಾಡುವುದು ಫ್ಯಾನ್. ಹಳೆಯ ಸೀಲಿಂಗ್ ಫ್ಯಾನ್ 75 ವಾಟ್ ಎಳೆದರೆ 8 ಗಂಟೆಗೆ 600 ವಾಟ್-ಅವರ್ ಆಯಿತು. ಕರೆಂಟ್ ಪದೇಪದೇ ಹೋಗುವ ಊರಿನವರು ದೊಡ್ಡ ಬ್ಯಾಟರಿಗೆ ದುಡ್ಡು ಸುರಿಯುವ ಮೊದಲು 30 ವಾಟ್ ಆಸುಪಾಸಿನ ಬಿಎಲ್‌ಡಿಸಿ ಫ್ಯಾನ್ ಹಾಕಿಸಲಿ.

ಇನ್ನೆರಡು ಅಂಶ ಗಮನಿಸಿ. ಇನ್ವರ್ಟರ್ ‘ಪ್ಯೂರ್ ಸೈನ್ ವೇವ್’ ಆಗಿರಲಿ. ಸ್ಕ್ವೇರ್ ವೇವ್ ಆದರೆ ಅಡಾಪ್ಟರ್ ಗುಂಯ್‌ಗುಟ್ಟಿ ಬಿಸಿಯಾಗುತ್ತದೆ. ಬಹಳಷ್ಟು ಇನ್ವರ್ಟರ್‌ಗಳಲ್ಲಿ ಯುಪಿಎಸ್ ಮೋಡ್ ಸ್ವಿಚ್ ಇರುತ್ತದೆ. ಅದನ್ನು ಹಾಕಿದರೆ ಬ್ಯಾಟರಿಗೆ ಬದಲಾಗುವುದು ಬೇಗ, ಯಂತ್ರ ನಿಲ್ಲುವ ಸಂಭವ ಕಡಿಮೆ. ಆದರೆ ಈ ಮೋಡ್‌ನಲ್ಲಿ ವೋಲ್ಟೇಜ್ ಸ್ವಲ್ಪ ಇಳಿದರೂ ಇನ್ವರ್ಟರ್ ಬ್ಯಾಟರಿಗೆ ಹೊರಳುತ್ತದೆ. ಪಂಪ್‌ಸೆಟ್ ಓಡುವ ಹೊತ್ತಿನಲ್ಲಿ ನಿಮ್ಮಲ್ಲಿ ವೋಲ್ಟೇಜ್ ಕುಸಿಯುತ್ತಿದ್ದರೆ ಕರೆಂಟ್ ಇದ್ದೂ ಬ್ಯಾಟರಿ ಬರಿದಾದೀತು. ತಂದೆಯವರು ಎಚ್ಚರವಿದ್ದಾಗಲೇ ಮಾಸ್ಕ್ ಹಾಕಿಸಿ, ಮೇನ್ ಎಂಸಿಬಿ ಇಳಿಸಿ, ಯಂತ್ರ ನಿಲ್ಲುತ್ತದೋ ಇಲ್ಲವೋ ಪರೀಕ್ಷಿಸಿ.

ಪ್ರಶ್ನೆ: ಹ್ಯೂಮಿಡಿಫೈಯರಿನ ನೀರಿನ ಟ್ಯಾಂಕಿನ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ನಮ್ಮದು ಬೋರ್‌ವೆಲ್ ನೀರು. ಕಾಯಿಸಿ ಆರಿಸಿ ಹಾಕಿದರೂ ಹಾಗೇ. ಬ್ಯಾಟರಿ ಅಂಗಡಿಯ ನೀರು ಹಾಕಬಹುದೇ? (ಶ್ರೀರಂಗಪಟ್ಟಣ)

ಕಾಯಿಸಿದರೆ ಕ್ರಿಮಿ ಸಾಯುತ್ತದೆಯೇ ಹೊರತು ಉಪ್ಪಿನಂಶ ಪೂರ್ತಿ ಹೋಗುವುದಿಲ್ಲ. ಆವಿಯಾಗುವುದು ನೀರು, ತಳದಲ್ಲಿ ಉಳಿಯುವುದು ಸುಣ್ಣ. ಆರ್‌ಓ ನೀರಿನಲ್ಲಿ ಪದರ ಕಟ್ಟುವುದು ನಿಧಾನವಾದೀತು, ಪೂರ್ತಿ ತಪ್ಪುವುದಿಲ್ಲ. ಬೇಕಾದದ್ದು ಡಿಸ್ಟಿಲ್ಡ್ ವಾಟರ್.

ಬ್ಯಾಟರಿ ಅಂಗಡಿಯ ನೀರು ಖಂಡಿತ ಬೇಡ. ಅದರಲ್ಲಿ ಖನಿಜ ತೆಗೆದಿರುತ್ತಾರೆ, ಆದರೆ ಉಸಿರಿನ ಜೊತೆ ಒಳಗೆ ಹೋಗಲೆಂದು ತಯಾರಿಸಿದ್ದಲ್ಲ. ಅದೇ ಅಂಗಡಿಯಲ್ಲಿ ಅದೇ ಬಗೆಯ ಕ್ಯಾನಿನಲ್ಲಿ ಆ್ಯಸಿಡ್ ಕೂಡ ಇರುತ್ತದೆ ಎಂಬುದನ್ನೂ ನೆನಪಿಡಿ. ಸೀಲ್ ಮಾಡಿದ, ಲೇಬಲ್ ಇರುವ ಡಿಸ್ಟಿಲ್ಡ್ ನೀರನ್ನೇ ಮೆಡಿಕಲ್ ಅಂಗಡಿಯಲ್ಲಿ ಕೇಳಿ. ಮಂಡ್ಯ, ಮೈಸೂರಿನ ದೊಡ್ಡಾಸ್ಪತ್ರೆಗಳ ಸುತ್ತ ಇರುವ ಅಂಗಡಿಗಳಲ್ಲಿ ಇಲ್ಲದಿದ್ದರೆ ತರಿಸಿಕೊಡುತ್ತಾರೆ. ಒಂದು ರಾತ್ರಿ ಅದು ಸಿಗದಿದ್ದರೆ ಕಾಯಿಸಿ ಆರಿಸಿದ ಆರ್‌ಓ ನೀರು ಹಾಕಿ, ಇಲ್ಲವೇ ಹ್ಯೂಮಿಡಿಫೈಯರ್ ಆಫ್ ಮಾಡಿ ಮಲಗಿ.

ಕಟ್ಟಿರುವ ಪದರ ತೆಗೆಯಲು ಒಂದು ಪಾಲು ಬಿಳಿ ವಿನೆಗರ್, ಹತ್ತು ಪಾಲು ನೀರು ಬೆರೆಸಿ ನೆನೆಹಾಕಿ, ಚೆನ್ನಾಗಿ ತೊಳೆದು ನೆರಳಲ್ಲಿ ಒಣಗಿಸಿ. ತೆಂಗಿನ ನಾರು, ಸ್ಟೀಲ್ ನಾರು ಹಾಕಿ ಉಜ್ಜಬೇಡಿ. ಗೀರು ಬಿದ್ದಲ್ಲೇ ಮುಂದೆ ಪಾಚಿ, ಕ್ರಿಮಿ ಸೇರಿಕೊಳ್ಳುತ್ತವೆ. ಉಳಿದ ನೀರನ್ನು ದಿನಾ ಬೆಳಿಗ್ಗೆ ಚೆಲ್ಲಿಬಿಡಿ. ನೀಲಗಿರಿ ಎಣ್ಣೆ, ಪಚ್ಚಕರ್ಪೂರ, ತುಳಸಿ, ಯಾವುದನ್ನೂ ಟ್ಯಾಂಕಿಗೆ ಹಾಕಬೇಡಿ.

ಪ್ರಶ್ನೆ: ಧನುರ್ಮಾಸದ ಚಳಿಯಲ್ಲಿ ಪೈಪಿನೊಳಗೆ ನೀರು ನಿಂತು ಗುಳುಗುಳು ಎನ್ನುತ್ತದೆ, ಕೆಲವೊಮ್ಮೆ ನನ್ನ ಯಜಮಾನರ ಮೂಗಿಗೇ ಬರುತ್ತದೆ. (ಕುವೆಂಪುನಗರ, ಮೈಸೂರು)

ಟ್ಯಾಂಕಿನಿಂದ ಹೊರಟ ಬೆಚ್ಚನೆಯ ಹಸಿಗಾಳಿ ತಣ್ಣನೆಯ ಪೈಪಿಗೆ ತಾಗಿ ನೀರಾಗುತ್ತದೆ. ಇದಕ್ಕೆ ಮನೆಯ ಹೊಲಿಗೆ ಮೆಷಿನ್ನೇ ಸಾಕು. ಸಾಮಾನ್ಯ ಪೈಪ್ ಸುಮಾರು 1.8 ಮೀಟರ್ ಉದ್ದ, ಯಂತ್ರಕ್ಕೆ ಕೂರುವ ತುದಿ 22 ಮಿಲಿಮೀಟರ್. ಹಳೆಯ ಫ್ಲೀಸ್ ಅಥವಾ ಉಣ್ಣೆ ಶಾಲಿನಿಂದ 12 ಸೆಂಟಿಮೀಟರ್ ಅಗಲದ ಪಟ್ಟಿ ಕತ್ತರಿಸಿ ಉದ್ದಕ್ಕೆ ಕೊಳವೆಯಾಗಿ ಹೊಲಿಯಿರಿ. ವೆಲ್ಕ್ರೋ ಹಾಕಿದರೆ ಒಗೆಯಲು ಬಿಚ್ಚುವುದು ಸುಲಭ. ಎರಡೂ ತುದಿಯಲ್ಲಿ 5 ಸೆಂಟಿಮೀಟರ್ ಬಿಡಿ. ಬಟ್ಟೆ ಸರಿದು ಮಾಸ್ಕಿನ ತೂತುಗಳ ಮೇಲೆ ಬರಬಾರದು.

ಹೊದಿಕೆಯಷ್ಟೇ ಮುಖ್ಯವಾದದ್ದು ಯಂತ್ರ ಇಡುವ ಎತ್ತರ. ಹಾಸಿಗೆಗಿಂತ ತಗ್ಗಿನ ಸ್ಟೂಲಿನ ಮೇಲಿಟ್ಟರೆ ನೀರು ಮುಖದ ಕಡೆಗಲ್ಲ, ಟ್ಯಾಂಕಿನ ಕಡೆಗೇ ಹರಿಯುತ್ತದೆ. ನೆಲದ ಮೇಲೆ ಬೇಡ, ಧೂಳು ಮತ್ತು ಇರುವೆ ಸೇರುತ್ತವೆ. ಸೊಳ್ಳೆ ಪರದೆಯ ಕೋಲಿಗೆ ಅಗಲವಾದ ಎಲಾಸ್ಟಿಕ್ ಕಟ್ಟಿ ಪೈಪನ್ನು ತಲೆಯ ಮೇಲಿಂದ ತೂಗುಹಾಕಿ. ಮಗ್ಗುಲು ಬದಲಿಸಿದಾಗ ಮಾಸ್ಕ್ ಎಳೆಯುವುದಿಲ್ಲ, ಪೈಪ್ ಜೋತುಬಿದ್ದು ನೀರು ನಿಲ್ಲುವ ಗುಂಡಿಯೂ ಆಗುವುದಿಲ್ಲ. ಬಿಸಿ ತಂತಿಯಿರುವ ಟ್ಯೂಬ್ ನಿಮ್ಮಲ್ಲಿದ್ದರೆ ಹೊಲಿಯುವ ಮೊದಲು ಅದರ ತಾಪವನ್ನು ಒಂದೆರಡು ಡಿಗ್ರಿ ಏರಿಸಿ ನೋಡಿ.

ಪ್ರಶ್ನೆ: ಕಬ್ಬಿನ ಸೋಗೆ ಸುಡುವ ಕಾಲದಲ್ಲಿ ಫಿಲ್ಟರ್ ಬೇಗ ಕಪ್ಪಾಗುತ್ತದೆ. ಎರಡು ಫಿಲ್ಟರ್ ಒಟ್ಟಿಗೆ ಹಾಕಲೇ? (ಕೆ.ಎಂ. ದೊಡ್ಡಿ)

ಒಂದೇ ಹಾಕಿ, ಬೇಗ ಬದಲಿಸಿ. ಎರಡು ಹಾಕಿದರೆ ಗಾಳಿ ಎಳೆಯಲು ಮೋಟಾರ್ ಹೆಚ್ಚು ತಿರುಗುತ್ತದೆ, ಸದ್ದೂ ಹೆಚ್ಚುತ್ತದೆ. ಎಸಿ ಸ್ಪಂಜನ್ನು ಕತ್ತರಿಸಿ ತುರುಕಿದರೆ ಅಂಚಿನಿಂದ ಚೂರು ಉದುರಿ ಒಳಗೆ ಹೋಗುತ್ತದೆ. ತೆಳುವಾದ ಬಿಳಿ ಫಿಲ್ಟರ್ ತೊಳೆಯುವಂಥದ್ದಲ್ಲ. ಮಸಿಯನ್ನು ಫಿಲ್ಟರ್ ಹಿಡಿದೀತು, ಹೊಗೆಯ ಅನಿಲವನ್ನು ಹಿಡಿಯುವುದಿಲ್ಲ. ಹಾಗಾಗಿ ಸೊಳ್ಳೆ ಬತ್ತಿ, ಊದುಬತ್ತಿ ಯಂತ್ರವಿರುವ ಕೋಣೆಯಲ್ಲೇ ಬೇಡ.

ಪ್ರಶ್ನೆ: ಮಾಸ್ಕಿನ ಸಣ್ಣ ತೂತುಗಳಿಂದ ಬರುವ ಗಾಳಿ ಪಕ್ಕದವರ ಮುಖಕ್ಕೆ ಬಡಿಯುತ್ತದೆ. ಅರ್ಧದಷ್ಟಕ್ಕೆ ಟೇಪ್ ಅಂಟಿಸಬಹುದೇ? (ಜಯಲಕ್ಷ್ಮೀಪುರಂ, ಮೈಸೂರು)

ಬೇಡ, ಒಂದು ತೂತನ್ನೂ ಮುಚ್ಚಬೇಡಿ. ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡ್ ಹೊರಹೋಗುವ ದಾರಿ ಅದು. ಪ್ರೆಷರ್ ಕಡಿಮೆ ಇದ್ದಷ್ಟೂ ಆ ತೂತುಗಳಿಂದ ಹರಿಯುವ ಗಾಳಿ ಕಡಿಮೆ. ಯಂತ್ರ 4 ಸೆಂಟಿಮೀಟರ್ ನೀರಿನಷ್ಟು ಕಡಿಮೆ ಪ್ರೆಷರಿನಿಂದ ನಿಧಾನವಾಗಿ ಏರುವಂತೆ ಇಟ್ಟಿದ್ದರೆ, ಬಿಟ್ಟ ಗಾಳಿಯನ್ನೇ ಮತ್ತೆ ಉಸಿರಾಡುವ ಅಪಾಯ ನೀವು ನಿದ್ದೆಗೆ ಜಾರುವ ಹೊತ್ತಿನಲ್ಲೇ ಹೆಚ್ಚು. ಅಲ್ಲದೆ ತೂತಿನಿಂದ ಎಷ್ಟು ಗಾಳಿ ಹೋಗಬೇಕೆಂದು ಯಂತ್ರಕ್ಕೆ ಲೆಕ್ಕವಿದೆ, ಟೇಪ್ ಹಾಕಿದರೆ ಲೀಕಿನ ಅಂಕಿ ತಪ್ಪುತ್ತದೆ.

ಮೊದಲು ತೂತುಗಳನ್ನು ಮೆತ್ತನೆಯ ಬ್ರಷ್‌ನಿಂದ ತೊಳೆಯಿರಿ, ಕೊಳೆ ಕಟ್ಟಿದಾಗ ಸೀಟಿಯಂಥ ಸದ್ದು ಬರುತ್ತದೆ. ಮುಂದಿನ ಸಲ ಗಾಳಿಯನ್ನು ಹರಡಿ ಬಿಡುವ ‘ಡಿಫ್ಯೂಸರ್’ ಮಾದರಿಯ ಮಾಸ್ಕ್ ಕೇಳಿ. ಅಂಚಿನಿಂದ ಲೀಕ್ ಆಗುತ್ತಿದ್ದರೆ ಕಾರಣ ಬಹುಪಾಲು ಎಣ್ಣೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಮಲಗಿದರೆ ಸಿಲಿಕೋನ್ ಜಾರುತ್ತದೆ, ಪಟ್ಟಿಯೂ ಬೇಗ ಸಡಿಲವಾಗುತ್ತದೆ.

ಪ್ರಶ್ನೆ: ಸದ್ದು ತಗ್ಗಿಸಲು ಯಂತ್ರವನ್ನು ಫೋಮ್ ಅಂಟಿಸಿದ ಮರದ ಪೆಟ್ಟಿಗೆಯಲ್ಲಿ ಇಡಬಹುದೇ? ಓಝೋನ್ ಕ್ಲೀನರ್ ಕೊಳ್ಳಬಹುದೇ? (ವಿಜಯನಗರ, ಮೈಸೂರು)

ಎರಡೂ ಬೇಡ. ಪೆಟ್ಟಿಗೆಯಲ್ಲಿ ಶಾಖ ಕಟ್ಟಿಕೊಳ್ಳುತ್ತದೆ, ಯಂತ್ರ ಒಳಗೆಳೆಯುವುದು ಫೋಮ್ ಸವರಿಕೊಂಡು ಬಂದ ಗಾಳಿಯನ್ನೇ. 2021ರ ಜೂನ್‌ನಲ್ಲಿ ಫಿಲಿಪ್ಸ್ ಲಕ್ಷಾಂತರ ಯಂತ್ರಗಳನ್ನು ಹಿಂದಕ್ಕೆ ಕರೆಸಿದ್ದು, ಸದ್ದು ತಡೆಯಲು ಒಳಗೆ ಹಾಕಿದ್ದ ಪಾಲಿಯೂರಿಥೇನ್ ಫೋಮ್ ಪುಡಿಯಾಗಿ ಗಾಳಿಯ ದಾರಿಗೆ ಬೀಳಬಹುದೆಂಬ ಕಾರಣಕ್ಕೆ. ಓಝೋನ್‌ನಿಂದ ಶುಚಿ ಮಾಡಿದರೆ ಆ ಫೋಮ್ ಇನ್ನೂ ಬೇಗ ಹಾಳಾಗಬಹುದು ಎಂದು ಕಂಪನಿ ಆಗಲೇ ಎಚ್ಚರಿಸಿತ್ತು. ಆ ಸಾಲಿನ ಹಳೆಯ ಯಂತ್ರವನ್ನು ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಸೀರಿಯಲ್ ನಂಬರನ್ನು ಕಂಪನಿಯಲ್ಲಿ ಪರೀಕ್ಷಿಸದೆ ದುಡ್ಡು ಕೊಡಬೇಡಿ. ಸದ್ದಿಗೆ, ಯಂತ್ರದ ಕೆಳಗೆ ಯೋಗ ಮ್ಯಾಟಿನ ತುಂಡು ಹಾಕಿ. ಅರ್ಧಕ್ಕರ್ಧ ಗುಂಯ್‌ಗುಡುವುದು ಸ್ಟೂಲು. ಮಾಸ್ಕಿಗೆ ಸೋಪು, ಬೆಚ್ಚನೆಯ ನೀರು ಸಾಕು.

ಪ್ರಶ್ನೆ: ಹೊಸ ಯಂತ್ರ ಕೊಳ್ಳುವವರು ಏನೇನು ಕೇಳಬೇಕು? (ನಾಗಮಂಗಲ)

ನಮ್ಮ ಆಸೆ ದೊಡ್ಡದು: ಒಂದು ರಾತ್ರಿಗಾಗುವ ಬ್ಯಾಟರಿ ಒಳಗೇ ಇರಬೇಕು, ಸ್ಕ್ರೀನಿನಲ್ಲಿ ಕನ್ನಡ ಬರಬೇಕು, ನೀರು ಮುಗಿಯುವ ಮೊದಲೇ ಎಚ್ಚರಿಸಬೇಕು. ಅಂಗಡಿಯಲ್ಲಿ ಈಗಲೇ ಕೇಳಬೇಕಾದದ್ದು: ಬ್ಯಾಟರಿಗೆ ಡಿಸಿ ಕನ್ವರ್ಟರ್ ಸಿಗುತ್ತದೆಯೇ, ಸಾಮಾನ್ಯ 22 ಮಿಲಿಮೀಟರ್ ಪೈಪ್ ಕೂರುತ್ತದೆಯೇ, ಟ್ಯಾಂಕ್ ಪೂರ್ತಿ ಬಿಚ್ಚಿ ಕೈಯಿಂದ ಒರೆಸಬಹುದೇ, ಎಸ್‌ಡಿ ಕಾರ್ಡ್ ಇದೆಯೇ.

ಕಾರ್ಡ್ ಇದ್ದರೆ ಆಸ್ಕರ್ ಎಂಬ ಉಚಿತ ತಂತ್ರಾಂಶದಲ್ಲಿ ಪ್ರತಿ ರಾತ್ರಿಯ ವಿವರವನ್ನು ಕಂಪ್ಯೂಟರಿನಲ್ಲೇ ನೋಡಬಹುದು. ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ತೀರಾ ಕ್ಷೀಣಿಸಿತು ಎಂಬ ಎಎಚ್‌ಐ ಅಂಕಿ 5ಕ್ಕಿಂತ ಕೆಳಗಿರಬೇಕು. ರೆಸ್‌ಮೆಡ್ ಯಂತ್ರದಲ್ಲಿ ಲೀಕ್ ನಿಮಿಷಕ್ಕೆ 24 ಲೀಟರ್ ದಾಟುತ್ತಿದ್ದರೆ ಮಾಸ್ಕ್ ಸರಿಪಡಿಸಿ. ಅಂಕಿ ನೋಡಿ ಪ್ರೆಷರನ್ನು ನೀವೇ ತಿರುಚಬೇಡಿ, ಆ ಚಿತ್ರಗಳನ್ನು ಮುದ್ರಿಸಿ ಡಾಕ್ಟರಿಗೆ ತೋರಿಸಿ. ಕಂಪ್ಯೂಟರಿಗೆ ಹಾಕುವ ಮೊದಲು ಕಾರ್ಡಿನ ಪಕ್ಕದ ಲಾಕ್ ಸರಿಸಿ, ಇಲ್ಲದಿದ್ದರೆ ಕಂಪ್ಯೂಟರ್ ತನ್ನ ಕಡತ ಬರೆದು ಯಂತ್ರ ಆ ಕಾರ್ಡನ್ನು ಒಪ್ಪದೆ ಹೋಗಬಹುದು. ಯಂತ್ರಕ್ಕೆ ಮರಳಿ ಹಾಕುವಾಗ ಲಾಕ್ ತೆಗೆಯಿರಿ.