ಪ್ರತಿಕ್ರಿಯೆ: ಅಮ್ಮನ ಶುಗರ್ ನೋಡಿಕೊಳ್ಳೋಕೆ ಆ್ಯಪ್ ಹಾಕಿಕೊಡಬಹುದಾ?

ವಿಜಯನಗರದಲ್ಲಿ ಒಬ್ಬರೇ ಇರೋ ಅಮ್ಮನಿಗೆ ಇಂಗ್ಲಿಷ್ ಬರಲ್ಲ, ಮಾತ್ರೆ ತಗೋತಿದ್ದಾರೆ, ಶುಗರ್ ಆ್ಯಪ್ ಹಾಕಿಕೊಡಲಾ ಅಂತ ಕೇಳಿದ್ದೀರಿ. ಖಂಡಿತ ಹಾಕಿಕೊಡಿ. ಆದರೆ ಶುಗರ್ ಅಂಕಿ ಬರೆಯೋ ಕೆಲಸ ಅವರ ಮೇಲೆ ಹೊರಿಸಬೇಡಿ. ಬ್ಲೂಟೂತ್ ಇರೋ ಗ್ಲುಕೋಮೀಟರ್ (ಮನೆಯಲ್ಲೇ ಶುಗರ್ ಅಳೆಯೋ ಯಂತ್ರ) ತಗೊಂಡರೆ ಅಂಕಿ ತಾನಾಗೇ ಫೋನಿಗೆ ಬರುತ್ತೆ. ಅಕ್ಯು-ಚೆಕ್ ಬ್ರ್ಯಾಂಡಿನ ಕೆಲವು ಮೀಟರ್‌ಗಳು ಮೈಶುಗರ್ ಅನ್ನೋ ಶುಗರ್ ಆ್ಯಪ್‌ಗೆ ಹೀಗೆ ಸೇರಿಕೊಳ್ಳುತ್ತವೆ.

ಕ್ಯಾಲೊರಿ ಲೆಕ್ಕವನ್ನು ನಾನು ಅಷ್ಟು ನಂಬಲ್ಲ. ಆ್ಯಪ್‌ನಲ್ಲಿ ‘ಒಂದು ರಾಗಿ ಮುದ್ದೆ’ ಅಂತಿರುತ್ತೆ, ಅಮ್ಮ ಕಟ್ಟೋ ಮುದ್ದೆ ಅದರ ಎರಡರಷ್ಟಿರಬಹುದು. ಅದರ ಬದಲು ತಟ್ಟೆಯ ಫೋಟೋ ತೆಗೆದು, ಊಟ ಶುರುಮಾಡಿದ 2 ಗಂಟೆಗೆ ಶುಗರ್ ನೋಡಿ, ಎರಡನ್ನೂ ಜೊತೆಗಿಡಿ. ಬಿಸಿಬೇಳೆಬಾತ್ ತಿಂದ ದಿನಕ್ಕೂ ಅರ್ಧ ಮುದ್ದೆ, ಬಸ್ಸಾರು, ಪಲ್ಯ ತಿಂದ ದಿನಕ್ಕೂ ಇರೋ ವ್ಯತ್ಯಾಸ ಅವರ ಕಣ್ಣಿಗೇ ಕಾಣುತ್ತೆ. ಯಾರ ಉಪದೇಶಕ್ಕಿಂತಲೂ ಅದು ಬೇಗ ನಾಟುತ್ತೆ, ನಿಜವಾಗ್ಲೂ.

ಮಾತ್ರೆಯ ಡೋಸ್ ಮಾತ್ರ ಆ್ಯಪ್ ನೋಡಿ ಬದಲಿಸಬೇಡಿ. 3 ತಿಂಗಳಿಗೊಮ್ಮೆ ಮಾಡಿಸೋ ಎಚ್‌ಬಿಎ1ಸಿ (ಹಿಂದಿನ ಕೆಲವು ತಿಂಗಳ ಸರಾಸರಿ ಶುಗರ್ ತೋರಿಸೋ ರಕ್ತಪರೀಕ್ಷೆ) ಕೂಡ ತಪ್ಪಿಸಬೇಡಿ.

ಇನ್ನೊಂದು, ತುಂಬಾ ಮುಖ್ಯ: ಶುಗರ್ ಅಂಕಿ 70 mg/dLಗಿಂತ ಕೆಳಗಿಳಿದರೆ ಆ್ಯಪ್ ತೆರೆಯುತ್ತಾ ಕೂರೋದಲ್ಲ. ತಕ್ಷಣ 3 ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಇದನ್ನ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಇವತ್ತೇ ಅಂಟಿಸಿ.