ಯಂತ್ರ ಕೂರಿಸಿದರೆ ಸಾಲದು, ಓಡಬೇಕು: ಚೀನಾದ ಗಾಳಿಯ ಬಗ್ಗೆ ನಾಲ್ಕು ಪ್ರಶ್ನೆಗಳು

ಚೀನಾದ ವಾಯುಮಾಲಿನ್ಯದ ಬಗ್ಗೆ ಓದುಗರು ಕೇಳಿದ ನಾಲ್ಕು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಯಿತು. ಆ ಪ್ರಶ್ನೆಯ ಹಿಂದಿರುವ ನಂಬಿಕೆ ಬಹಳ ಜನರ ಆಯಸ್ಸನ್ನು ಕಡಿಮೆ ಮಾಡಿದೆ, ಹಾಗಾಗಿ ಅವಸರದಲ್ಲಿ ಮುಗಿಸಲು ಮನಸ್ಸಾಗಲಿಲ್ಲ.

ಪ್ರಶ್ನೆ: ನಾನು ಅರ್ಥಶಾಸ್ತ್ರದ ಎಂ.ಎ. ವಿದ್ಯಾರ್ಥಿನಿ. ದೇಶ ಬಡತನದಿಂದ ಮೇಲೇಳುವಾಗ ಗಾಳಿ ಕೆಡುತ್ತದೆ, ಆದಾಯ ಒಂದು ಮಟ್ಟ ಮುಟ್ಟಿದ ಮೇಲೆ ತಾನಾಗಿ ತಿಳಿಯಾಗುತ್ತದೆ ಎಂದು ಪಾಠದಲ್ಲಿ ಓದಿದ್ದೇವೆ. ಚೀನಾ ಇದಕ್ಕೆ ಒಳ್ಳೆಯ ಉದಾಹರಣೆ ಅಲ್ಲವೇ?

ಉತ್ತರ: ಅಲ್ಲ. ಅಲ್ಲಿ ತಾನಾಗಿ ಏನೂ ತಿಳಿಯಾಗಲಿಲ್ಲ. ಎರಡು ಪಂಚವಾರ್ಷಿಕ ಯೋಜನೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. 2001ರಿಂದ 2005ರವರೆಗಿನ ಯೋಜನೆಯಲ್ಲಿ, ಕಲ್ಲಿದ್ದಲು ಉರಿದಾಗ ಹೊರಬರುವ ಸಲ್ಫರ್ ಡೈಆಕ್ಸೈಡ್ ಅನಿಲದ ಪ್ರಮಾಣವನ್ನು ಶೇ 10ರಷ್ಟು ಇಳಿಸುವ ಗುರಿ ಇತ್ತು. ಅವಧಿ ಮುಗಿಯುವ ಹೊತ್ತಿಗೆ ಅದು ಇಳಿಯುವುದಿರಲಿ, ಸುಮಾರು ಶೇ 28ರಷ್ಟು ಏರಿತ್ತು. 2006ರಿಂದ 2010ರ ಯೋಜನೆಯಲ್ಲೂ ಗುರಿ ಅದೇ ಶೇ 10. ಈ ಸಲ ಶೇ 14ರಷ್ಟು ಇಳಿಯಿತು. ಆ ಎರಡನೆಯ ಅವಧಿಯಲ್ಲಿ ಆರ್ಥಿಕತೆ ಮೊದಲಿಗಿಂತಲೂ ಜೋರಾಗಿಯೇ ಬೆಳೆಯುತ್ತಿತ್ತು. ಐದು ವರ್ಷಗಳಲ್ಲಿ ಜನರ ಆದಾಯ ಯಾವುದೋ ಮಾಂತ್ರಿಕ ಗೆರೆ ದಾಟಿತು ಎನ್ನುವ ಹಾಗಿಲ್ಲ.

ಬದಲಾದದ್ದು ಬೇರೆ. ಮೊದಲ ಸಲ ಗುರಿ ಕಾಗದದ ಮೇಲಿತ್ತು, ತಪ್ಪಿದರೆ ಯಾರೂ ಜವಾಬ್ದಾರರಲ್ಲ. ಎರಡನೆಯ ಸಲ ಅದನ್ನು ಕಡ್ಡಾಯ ಗುರಿ ಎಂದು ಘೋಷಿಸಿ ಪ್ರಾಂತ್ಯಗಳ ತಲೆಗೆ ಹಂಚಿದರು, ಅಧಿಕಾರಿಗಳ ಕಾರ್ಯಮೌಲ್ಯಮಾಪನಕ್ಕೆ ಸೇರಿಸಿದರು. ಆದರೆ ನನ್ನ ಪ್ರಕಾರ ಕೆಲಸ ಮಾಡಿದ್ದು ಇದಕ್ಕಿಂತ ಸಣ್ಣ, ಯಾರೂ ಹೆಚ್ಚು ಮಾತನಾಡದ ಒಂದು ನಿಯಮ.

ಕಲ್ಲಿದ್ದಲು ವಿದ್ಯುತ್ ಸ್ಥಾವರದ ಚಿಮಣಿಗೆ ಹೋಗುವ ಮೊದಲು ಹೊಗೆಯನ್ನು ಎತ್ತರದ ಒಂದು ಗೋಪುರದೊಳಗೆ ಹಾಯಿಸುತ್ತಾರೆ. ಮೇಲಿನಿಂದ ಸುಣ್ಣಕಲ್ಲಿನ ಪುಡಿ ಕಲಸಿದ ನೀರು ಮಳೆಯಂತೆ ಸುರಿಯುತ್ತದೆ. ಹೊಗೆಯಲ್ಲಿನ ಸಲ್ಫರ್ ಡೈಆಕ್ಸೈಡ್ ಅದರೊಡನೆ ಬೆರೆತು ಕೊನೆಗೆ ಜಿಪ್ಸಂ ಆಗಿ ಕೆಳಗೆ ಕೂರುತ್ತದೆ. ಕೇಳಲು ಸರಳ. ಆದರೆ ಆ ಪಂಪುಗಳು, ಫ್ಯಾನುಗಳು ಸ್ಥಾವರದ ಕರೆಂಟನ್ನೇ ತಿನ್ನುತ್ತವೆ, ಸುಣ್ಣಕಲ್ಲನ್ನು ದುಡ್ಡು ಕೊಟ್ಟು ತರಬೇಕು. ಆದ್ದರಿಂದ ಅನೇಕ ಸ್ಥಾವರಗಳು ಗೋಪುರ ಕಟ್ಟಿಸಿ ಸುಮ್ಮನೆ ನಿಲ್ಲಿಸಿದ್ದವು. ತಪಾಸಣೆಯವರು ಬಂದ ದಿನ ಕಾಟಾಚಾರಕ್ಕೆ ಓಡಿಸುವುದು, ಅವರು ಹೋದ ಮೇಲೆ ಬೈಪಾಸ್ ಕೊಳವೆ ತೆರೆದು ಹೊಗೆಯನ್ನು ನೇರ ಚಿಮಣಿಗೆ ಬಿಡುವುದು.

2007ರ ನಿಯಮ ಈ ಲೆಕ್ಕಾಚಾರವನ್ನು ತಿರುಗಿಸಿತು. ಹೊಗೆಯಿಂದ ಗಂಧಕ (ಸಲ್ಫರ್) ತೆಗೆದು ಉತ್ಪಾದಿಸಿದ ಪ್ರತಿ ಯೂನಿಟ್ ವಿದ್ಯುತ್ತಿಗೆ 1.5 ಫೆನ್ ಹೆಚ್ಚು ದರ (100 ಫೆನ್ ಸೇರಿದರೆ ಒಂದು ಯುವಾನ್). ಗಂಧಕ ತೆಗೆಯುವ ಯಂತ್ರ ಓಡಿದೆಯೋ ಇಲ್ಲವೋ ಎಂದು ಚಿಮಣಿಯಲ್ಲಿ ಕೂರಿಸಿದ ಮಾಪಕ ಹಗಲೂ ರಾತ್ರಿ ದಾಖಲಿಸುತ್ತಿತ್ತು. ನಿಲ್ಲಿಸಿದಷ್ಟು ಹೊತ್ತಿನ ಹೆಚ್ಚುವರಿ ದರ ಕೈತಪ್ಪುತ್ತಿತ್ತು. ಓಡಿದ ಸಮಯ ಶೇ 80ಕ್ಕಿಂತ ಕೆಳಗಿಳಿದರೆ ಹಾಗೆ ಕೈತಪ್ಪಿದ ಹಣದ ಐದು ಪಟ್ಟು ದಂಡ. ಅಲ್ಲಿಗೆ ಯಂತ್ರ ನಿಲ್ಲಿಸುವುದೇ ದುಬಾರಿಯಾಯಿತು. ನೀವು ಪಾಠದಲ್ಲಿ ಓದಿದ, ಮಾಲಿನ್ಯ ಮೊದಲು ಏರಿ ಆಮೇಲೆ ಇಳಿಯುವ ವಕ್ರರೇಖೆ ಬಾಗುವುದು ಇಂಥ ಕಡೆಯಲ್ಲಿ.

'ಆಮೇಲೆ ನೋಡಿಕೊಂಡರಾಯಿತು' ಎನ್ನುವುದಕ್ಕೆ ತೆತ್ತ ಬೆಲೆಯೂ ಗೊತ್ತಿದೆ. 1950ರ ದಶಕದಿಂದ ಹುವಾಯ್ ನದಿಯ ಉತ್ತರದ ನಗರಗಳಿಗೆ ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಸರ್ಕಾರವೇ ಕಲ್ಲಿದ್ದಲಿನ ಬಾಯ್ಲರ್ ವ್ಯವಸ್ಥೆ ಮಾಡಿತು, ದಕ್ಷಿಣಕ್ಕೆ ಮಾಡಲಿಲ್ಲ. ನದಿಯ ಈಚೆ ಆಚೆಯ ಜನರನ್ನು ಹೋಲಿಸಿದ 2017ರ ಅಧ್ಯಯನದ ಪ್ರಕಾರ ಉತ್ತರದವರ ನಿರೀಕ್ಷಿತ ಆಯುಷ್ಯ ಸುಮಾರು 3 ವರ್ಷ ಕಡಿಮೆ. ಬೆಚ್ಚಗಿಡಲೆಂದು, ಒಳ್ಳೆಯ ಮನಸ್ಸಿನಿಂದಲೇ ಮಾಡಿದ ಯೋಜನೆ ಅದು. ಆ ವರ್ಷಗಳನ್ನು ಯಾವ ಆದಾಯವೂ ತಿರುಗಿ ಕೊಡಲಾರದು.

ಪ್ರಶ್ನೆ: ಬೀಜಿಂಗ್ ಗಾಳಿ ಸುಧಾರಿಸಿದೆ ಎನ್ನುತ್ತಾರೆ. ಅದು ಅಲ್ಲಿನ ಸರ್ಕಾರವೇ ಕೊಟ್ಟ ಅಂಕಿ. ನಂಬುವುದು ಹೇಗೆ?

ಉತ್ತರ: ಅನುಮಾನ ಸಹಜ. ಚೀನಾದ ನಾಗರಿಕರಿಗೂ ಇದೇ ಅನುಮಾನವಿತ್ತು. ಬೀಜಿಂಗ್‌ನ ಅಮೆರಿಕ ರಾಯಭಾರ ಕಚೇರಿ 2008ರಿಂದ ತನ್ನದೇ ಮಾಪಕ ಇಟ್ಟು ಗಂಟೆಗೊಮ್ಮೆ ಅಂಕಿ ಪ್ರಕಟಿಸುತ್ತಿತ್ತು. ಸರ್ಕಾರ 'ಲಘು ಮಾಲಿನ್ಯ' ಎನ್ನುತ್ತಿದ್ದ ದಿನವೂ ಅಲ್ಲಿ ಅಪಾಯಕಾರಿ ಮಟ್ಟ ಕಾಣುತ್ತಿತ್ತು. ಕೂದಲೆಳೆಗಿಂತ ಎಷ್ಟೋ ಪಟ್ಟು ಸಣ್ಣದಾದ, ಶ್ವಾಸಕೋಶದ ಆಳಕ್ಕೆ ಇಳಿಯುವ ಪಿಎಂ 2.5 ಕಣಗಳನ್ನು ಚೀನಾ ತನ್ನ ರಾಷ್ಟ್ರೀಯ ಮಾನದಂಡಕ್ಕೆ ಸೇರಿಸಿದ್ದು 2012ರಲ್ಲಿ. ಮರುವರ್ಷದ ಜನವರಿಯಲ್ಲಿ ಬೀಜಿಂಗ್ ಹೊಂಜಿನಲ್ಲಿ (ಹೊಗೆ ಬೆರೆತ ಮಂಜಿನಲ್ಲಿ) ಮುಳುಗಿತು. ಆ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ಕ್ರಿಯಾಯೋಜನೆ ಬಂತು.

ಆ ವರ್ಷ, ಅಂದರೆ 2013ರಲ್ಲಿ, ನಗರದ ಪಿಎಂ 2.5 ಸರಾಸರಿ ಘನ ಮೀಟರಿಗೆ 89.5 ಮೈಕ್ರೋಗ್ರಾಂ. 2017ರಲ್ಲಿ 58, 2024ರಲ್ಲಿ ಸುಮಾರು 30. ಇಳಿಕೆ ನಿಜ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ರಾಯಭಾರ ಕಚೇರಿಯ ಮಾಪಕವೂ ಉಪಗ್ರಹಗಳೂ ಇದೇ ದಿಕ್ಕನ್ನು ತೋರಿಸಿವೆ.

ಹಾಗೆಂದು ಮೋಸ ನಡೆಯಲಿಲ್ಲ ಎಂದಲ್ಲ. 2016ರಲ್ಲಿ ಷಿಯಾನ್ ನಗರದ ಒಂದು ಮಾಪನ ಕೇಂದ್ರದಲ್ಲಿ ಸ್ಥಳೀಯ ಪರಿಸರ ಇಲಾಖೆಯವರೇ ಬೀಗದ ಕೈ ಇಟ್ಟುಕೊಂಡು, ಗುಟ್ಟಾಗಿ ಒಳನುಗ್ಗಿ, ಗಾಳಿ ಎಳೆದುಕೊಳ್ಳುವ ಕೊಳವೆಯ ಬಾಯಿಗೆ ಹತ್ತಿ ತುರುಕಿದ್ದರು. ಹತ್ತಿಯಲ್ಲಿ ಸೋಸಿದ ಗಾಳಿ ಯಂತ್ರಕ್ಕೆ ಚೊಕ್ಕವಾಗಿಯೇ ಕಾಣುತ್ತದಲ್ಲ! ಬೇಲಿಯೇ ಎದ್ದು ಹೊಲ ಮೇಯ್ದ ಪ್ರಕರಣ. ಮರುವರ್ಷ ಅವರಿಗೆ ಜೈಲಾಯಿತು. ಅಧಿಕಾರಿಯ ಹುದ್ದೆಯನ್ನು ಒಂದು ಅಂಕಿಗೆ ಕಟ್ಟಿಹಾಕಿದರೆ ಆತ ಗಾಳಿಯನ್ನು ಬಿಟ್ಟು ಅಂಕಿಯನ್ನೇ ಸರಿಮಾಡಲು ಹೊರಡಬಹುದು. ಅದಕ್ಕೇ 2016ರ ಕೊನೆಯ ಹೊತ್ತಿಗೆ ರಾಷ್ಟ್ರೀಯ ಜಾಲದ 1,436 ಮಾಪನ ಕೇಂದ್ರಗಳನ್ನು ಸ್ಥಳೀಯ ಆಡಳಿತದ ಕೈಯಿಂದ ಬಿಡಿಸಿ ಕೇಂದ್ರ ಸರ್ಕಾರ ತನ್ನ ಕೆಳಗೆ ತಂದುಕೊಂಡಿತು. ಪರೀಕ್ಷೆ ಬರೆಯುವವನೇ ಮೌಲ್ಯಮಾಪನ ಮಾಡಬಾರದು, ಅಷ್ಟೇ. ಇದನ್ನು ಯೋಜನೆ ಶುರುವಾದ ದಿನವೇ ಮಾಡಬೇಕಿತ್ತು.

ಪ್ರಶ್ನೆ: ಹಳ್ಳಿಗಳಲ್ಲಿ ಕಲ್ಲಿದ್ದಲು ಒಲೆ ಕಿತ್ತುಹಾಕಿ ಜನರನ್ನು ಚಳಿಯಲ್ಲಿ ನಡುಗಿಸಿದರು ಎಂದು ಕೇಳಿದ್ದೆ. ನಿಜವೇ?

ಉತ್ತರ: ನಿಜ, ಮತ್ತು ಈ ಕಥೆಯಲ್ಲಿ ನನಗೆ ಅತ್ಯಂತ ನೋವು ಕೊಡುವ ಭಾಗ ಅದು. ಮನೆಯ ಒಲೆಯಲ್ಲಿ ಉರಿಯುವ ಕಲ್ಲಿದ್ದಲು ನಿಜಕ್ಕೂ ಕೆಟ್ಟದ್ದು. ಅದಕ್ಕೆ ಸೋಸುವ ಯಂತ್ರವಿಲ್ಲ, ಹೊಗೆ ಕೊಳವೆ ಸೂರಿನ ಎತ್ತರದಲ್ಲೇ ಮುಗಿಯುತ್ತದೆ, ಒಂದೊಂದು ಕಿಲೋಗೂ ಸ್ಥಾವರಕ್ಕಿಂತ ಹೆಚ್ಚು ಕಣಗಳನ್ನು ಉಗುಳುತ್ತದೆ. ಅದನ್ನು ಬದಲಿಸಬೇಕೆಂದು ಹೊರಟದ್ದು ಸರಿಯೇ.

ತಪ್ಪಿದ್ದು ಅವಸರದಲ್ಲಿ. 2013ರ ಯೋಜನೆಯ ಗಡುವು 2017. ಬೀಜಿಂಗ್, ತಿಯಾನ್‌ಜಿನ್ ಮತ್ತು ಸುತ್ತಲಿನ 26 ನಗರಗಳ ಅಧಿಕಾರಿಗಳು ಗುರಿ ಮುಟ್ಟುವ ಆತುರದಲ್ಲಿ ಹಳೆ ಒಲೆಗಳನ್ನು ಮೊದಲು ತೆಗೆಸಿದರು. ಎಷ್ಟೋ ಕಡೆ ಗ್ಯಾಸ್ ಪೈಪು ತಲುಪಿರಲಿಲ್ಲ, ತಲುಪಿದ ಕಡೆ ಗ್ಯಾಸೇ ಸಾಲಲಿಲ್ಲ. ಹೆಬೈ ಪ್ರಾಂತ್ಯದ ಚೂಯಾಂಗ್ ಎಂಬಲ್ಲಿ ಶಾಲೆಯ ಕೋಣೆಗಳು ಮಂಜುಗಡ್ಡೆಯಂತಾಗಿ, ಪುಟ್ಟ ಮಕ್ಕಳು ಬಿಸಿಲು ಕಾಯುತ್ತ ಅಂಗಳದಲ್ಲಿ ಕೂತು ಪಾಠ ಕಲಿತರು. ಸುದ್ದಿ ದೇಶವೆಲ್ಲ ಹರಡಿತು. ಡಿಸೆಂಬರ್‌ನಲ್ಲಿ ಪರಿಸರ ಸಚಿವಾಲಯವೇ ತುರ್ತು ಪತ್ರ ಬರೆದು, ಬದಲಿ ವ್ಯವಸ್ಥೆ ಮುಗಿಯದ ಕಡೆ ಕಲ್ಲಿದ್ದಲು ಉರಿಸಬಹುದು ಎಂದಿತು. ಮುಂದಿನ ವರ್ಷದ ಯೋಜನೆಯಲ್ಲಿ, ಗ್ಯಾಸ್ ಎಷ್ಟು ಸಿಗುತ್ತದೋ ಅಷ್ಟೇ ಒಲೆ ಬದಲಿಸಬೇಕೆಂದು ಬರೆದರು.

ಗ್ಯಾಸ್ ಕಲ್ಲಿದ್ದಲಿಗಿಂತ ದುಬಾರಿ, ಸಬ್ಸಿಡಿ ಕಡಿಮೆಯಾದರೆ ರೈತ ಕುಟುಂಬ ಒಲೆ ಆರಿಸಿ ಕೂರುತ್ತದೆ. ನಗರದವರು ಉಸಿರಾಡುವ ಗಾಳಿಯ ಬಿಲ್ಲನ್ನು ಹಳ್ಳಿಯ ಮುದುಕಿ ಕಟ್ಟುವಂತಾಗಬಾರದು. ಸಬ್ಸಿಡಿಯನ್ನು ಮಾಲಿನ್ಯ ನಿಯಂತ್ರಣದ ಖರ್ಚೆಂದೇ ಬಜೆಟ್‌ನಲ್ಲಿ ಬರೆದಿಡಬೇಕು, ಔದಾರ್ಯವೆಂದು ಅಲ್ಲ.

ಪ್ರಶ್ನೆ: ಕಣಗಳು ಕಡಿಮೆಯಾದ ಮೇಲೆ ಬೇಸಿಗೆಯಲ್ಲಿ ಓಝೋನ್ ಹೆಚ್ಚಾಯಿತಂತೆ. ಒಂದು ಹೋದರೆ ಇನ್ನೊಂದು ಬರುವುದೇಕೆ?

ಉತ್ತರ: ನೆಲಮಟ್ಟದ ಓಝೋನ್ ಯಾವ ಚಿಮಣಿಯಿಂದಲೂ ಹೊರಬರುವುದಿಲ್ಲ. ನೈಟ್ರೋಜನ್ ಆಕ್ಸೈಡುಗಳು ಮತ್ತು ಬಣ್ಣ, ಮುದ್ರಣ ಶಾಯಿ, ಪೆಟ್ರೋಲ್, ರಾಸಾಯನಿಕ ಕಾರ್ಖಾನೆಗಳಿಂದ ಆವಿಯಾಗುವ ಸಾವಯವ ಅನಿಲಗಳು ಬಿಸಿಲಿನಲ್ಲಿ ಸೇರಿ ಅದು ಹುಟ್ಟುತ್ತದೆ. ಸೂಕ್ಷ್ಮ ಕಣಗಳು ಈ ಕ್ರಿಯೆಗೆ ಬೇಕಾದ ಕೆಲವು ಚುರುಕು ಅಣುಗಳನ್ನು ಹೀರಿಕೊಳ್ಳುತ್ತಿದ್ದವು. ಕಣ ಕಡಿಮೆಯಾದಾಗ ಆ ತಡೆಯೂ ಸಡಿಲವಾಯಿತು. 2013ರ ಯೋಜನೆಯ ಗುರಿಗಳೆಲ್ಲ ಕಣಗಳದ್ದೇ, ಸಾವಯವ ಅನಿಲಗಳಿಗೆ ಅಂಥ ಗುರಿ ಇರಲಿಲ್ಲ. ಈಗ ಅವುಗಳ ಮೇಲೆ ಹಿಡಿತ ಬರುತ್ತಿದೆ. ಆದರೆ ಚಿಮಣಿ ಒಂದು ಕಡೆ ನಿಂತಿರುತ್ತದೆ, ಮಾಪಕ ಕೂರಿಸಬಹುದು. ಸಾವಿರಾರು ಪೇಂಟ್ ಶೆಡ್ಡುಗಳಿಗೆ, ಪ್ರಿಂಟಿಂಗ್ ಪ್ರೆಸ್ಸುಗಳಿಗೆ ಒಂದೊಂದಾಗಿ ಹೋಗಿ ಸೋರಿಕೆ ಹುಡುಕಬೇಕು. ಅದು ನಿಧಾನದ ಕೆಲಸ.