ಸಂಪಾದಕರ ಉತ್ತರ: ಆ ಮಚ್ಚೆ ಎಲ್ಲಿ ಹೋಯಿತು?

ಶಿವಮೊಗ್ಗದ ಹಿರಿಯ ಓದುಗರೊಬ್ಬರು ನಾಲ್ಕು ಪುಟಗಳ ಕಾಗದ ಬರೆದಿದ್ದಾರೆ. ತೀರಿಕೊಂಡ ಪತ್ನಿಯವರ ಹಳೆಯ ಫೋಟೊವೊಂದನ್ನು ಅವರ ಮಗ ಮೊಬೈಲಿನ ಕೃತಕ ಬುದ್ಧಿಮತ್ತೆಯ ಆ್ಯಪ್‌ಗೆ ಕೊಟ್ಟು, ತೈಲಚಿತ್ರದಂತೆ ಮಾಡಿಸಿ, ವರ್ಷದ ತಿಥಿಯ ದಿನ ಚೌಕಟ್ಟು ಹಾಕಿಸಿ ತಂದರಂತೆ. ಬಂದವರೆಲ್ಲ ಮೆಚ್ಚಿದರು. "ನನಗೆ ಮಾತ್ರ ಅದು ಅವಳೆನಿಸಲಿಲ್ಲ. ಗಲ್ಲದ ಮೇಲಿನ ಮಚ್ಚೆ ಮಾಯವಾಗಿದೆ. ಎಡಗಣ್ಣು ತುಸು ಚಿಕ್ಕದಿತ್ತು, ಅದೂ ನೇರ್ಪಾಗಿದೆ. ಹಾಗೆಂದದ್ದಕ್ಕೆ, ಅಪ್ಪನಿಗೆ ಹೊಸದೇನೂ ಒಗ್ಗುವುದಿಲ್ಲ ಎಂದರು. 2011ರಲ್ಲಿ ಇವರದೇ ಒತ್ತಾಯಕ್ಕೆ ತಂದ ತ್ರೀಡಿ ಟಿವಿಯ ಕನ್ನಡಕಗಳು ಇನ್ನೂ ಬೀರುವಿನಲ್ಲಿವೆ. ನನ್ನ ಅನುಮಾನ ವಯಸ್ಸಿನ ದೋಷವೇ? ಅಥವಾ ಯಂತ್ರಗಳೆಲ್ಲ ಕಲೆಯ ಶತ್ರುಗಳೇ?" ಎಂದು ಕೇಳಿದ್ದಾರೆ.

ಮಾನ್ಯರೇ,

ಎರಡನೆಯ ಪ್ರಶ್ನೆಯಲ್ಲಿ ತಾವು ತುಸು ದುಡುಕಿದ್ದೀರಿ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನಿನ ಕಹಳೆಯೆದುರು ಹಾಡಿದಾಗ, ಗಂಟೆಗಟ್ಟಲೆ ಬೆಳೆಸಬಹುದಾದ ರಾಗವನ್ನು ಸುಮಾರು ಮೂರು ನಿಮಿಷಕ್ಕೆ ಹಿಡಿಸಬೇಕಾಯಿತು. ತಟ್ಟೆಗಳನ್ನು ಜರ್ಮನಿಯಲ್ಲಿ ಅಚ್ಚು ಹಾಕುವವರಿಗೆ ಗುರುತು ಸಿಗಲೆಂದು ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಹೇಳಬೇಕಾಯಿತು. ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲಿಯೇ ಕಣ್ಣು ಮುಚ್ಚಿದ ಆ ಗಾಯಕಿಯ ಕಂಠವನ್ನು ಇಂದು ನಾವು ಕೇಳಬಲ್ಲೆವಾದರೆ ಅದು ಆ ಯಂತ್ರದ ಉಪಕಾರ. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ತೆರೆದದ್ದರಿಂದಲೇ ಅರಸರ ಗೋಡೆಗಳ ಮೇಲಿದ್ದ ಲಕ್ಷ್ಮಿ, ಸರಸ್ವತಿಯರು ಬಡವರ ದೇವರ ಕೋಣೆಗೂ ಬಂದರು. ಯಂತ್ರದ ಪರವಾಗಿ ಹೇಳಬೇಕಾದದ್ದು ಇಷ್ಟು. ಆದರೆ ಈ ಎರಡೂ ಕಡೆ ಯಂತ್ರದ ಮುಂದೆ ಮೊದಲು ಒಬ್ಬ ಮನುಷ್ಯ ಕುಳಿತಿದ್ದ ಎಂಬುದನ್ನು ತಮ್ಮ ಮಗನಿಗೆ ನೆನಪಿಸಿ. ಯಂತ್ರ ಹಾಡಲಿಲ್ಲ, ಬರೆಯಲಿಲ್ಲ. ಹಾಡಿದ್ದನ್ನು, ಬರೆದದ್ದನ್ನು ಊರೂರಿಗೆ ಹೊತ್ತು ತಂದಿತು.

ಇನ್ನು ತಮ್ಮ ಮೊದಲ ಪ್ರಶ್ನೆ. ಅನುಮಾನ ವಯಸ್ಸಿನ ದೋಷವಲ್ಲ. ಸ್ವಂತ ದುಡ್ಡು ಕೊಟ್ಟು ವಸ್ತು ಕೊಳ್ಳುವವನ ಮೊದಲ ಹಕ್ಕು. ಸಂತೆಯಲ್ಲಿ ಬದನೆಕಾಯನ್ನು ತಿರುಗಿಸಿ ನೋಡುವವರನ್ನು ಯಾರೂ ಹಿಂದುಳಿದವರೆನ್ನುವುದಿಲ್ಲ. ಹೊಸ ತಂತ್ರಜ್ಞಾನದ ಅಂಗಡಿಯಲ್ಲಿ ಮಾತ್ರ ತಿರುಗಿಸಿ ನೋಡಿದವರಿಗೆ ಆ ಹೆಸರು ಅಂಟುತ್ತದೆ. ತಮ್ಮ ತ್ರೀಡಿ ಟಿವಿಯನ್ನೇ ನೋಡಿ. 2009ರ ಕೊನೆಗೆ ಒಂದು ಹಾಲಿವುಡ್ ಚಿತ್ರ ಗೆದ್ದದ್ದೇ ತಡ, ಇನ್ನು ಮನೆ ಮನೆಯಲ್ಲೂ ಜನ ಕನ್ನಡಕ ಹಾಕಿಕೊಂಡೇ ವಾರ್ತೆ ನೋಡುತ್ತಾರೆ ಎಂಬಂತೆ ಪ್ರಚಾರ ನಡೆಯಿತು. 2017ರ ಹೊತ್ತಿಗೆ ದೊಡ್ಡ ಕಂಪನಿಗಳು ಒಂದೊಂದಾಗಿ ಅದನ್ನು ಕೈಬಿಟ್ಟವು. ಅಂದು ಕೊಳ್ಳದವರನ್ನು ಅಂಜುಬುರುಕರೆಂದವರು ಯಾರೂ ಬಂದು ತಮ್ಮ ಕನ್ನಡಕಗಳನ್ನು ಹಿಂದಕ್ಕೆ ಪಡೆಯಲಿಲ್ಲ.

ಕಲೆಯ ವಿಷಯಕ್ಕೆ ಬಂದಾಗ ಈ ಅಬ್ಬರ ಇನ್ನೂ ಕೆಟ್ಟ ಕೆಲಸ ಮಾಡುತ್ತದೆ. ಚಿತ್ರ ಇರಬೇಕಾದ ಜಾಗದಲ್ಲಿ ಬೆಲೆಯನ್ನು ತಂದು ಕೂರಿಸುತ್ತದೆ. 2021ರ ಮಾರ್ಚ್ 11ರಂದು ಕ್ರಿಸ್ಟೀಸ್ ಹರಾಜಿನಲ್ಲಿ ಬೀಪಲ್ ಎಂಬ ಅಮೆರಿಕನ್ ಕಲಾವಿದರ ಡಿಜಿಟಲ್ ಕೃತಿಯೊಂದು ಸುಮಾರು 6.93 ಕೋಟಿ ಡಾಲರಿಗೆ, ಎಂದರೆ ಅಂದಿನ ಲೆಕ್ಕದಲ್ಲಿ ಸುಮಾರು ಐನೂರು ಕೋಟಿ ರೂಪಾಯಿಗೆ ಮಾರಾಟವಾಯಿತು. ಕೊಂಡವರು ತಮಿಳುನಾಡಿನ ಮೂಲದವರು ಎಂದು ನಮ್ಮ ಪತ್ರಿಕೆಗಳೂ ಸಂಭ್ರಮಿಸಿದವು. ಆ ಹಣಕ್ಕೆ ಅವರಿಗೆ ಮುಖ್ಯವಾಗಿ ದೊರೆತದ್ದು ಎನ್‌ಎಫ್‌ಟಿ, ಎಂದರೆ ಎಲ್ಲರಿಗೂ ತೆರೆದಿರುವ ಒಂದು ಡಿಜಿಟಲ್ ಖಾತೆ ಪುಸ್ತಕದಲ್ಲಿ ಈ ಕೃತಿ ಇಂಥವರದು ಎಂಬ ನಮೂದು. ಚಿತ್ರವನ್ನು ನಾನೂ ನೋಡಬಹುದು, ತಾವೂ ನೋಡಬಹುದು, ಪ್ರತಿ ಇಳಿಸಿಕೊಳ್ಳಬಹುದು. ಆ ವಾರ ಬಂದ ಸುದ್ದಿಗಳನ್ನು ನಾನು ಕತ್ತರಿಸಿ ಇಟ್ಟುಕೊಂಡಿದ್ದೇನೆ. ಕೃತಿಯ ಬಣ್ಣದ ಬಗ್ಗೆ, ರೇಖೆಯ ಬಗ್ಗೆ, ಕಲಾವಿದ ಹದಿಮೂರು ವರ್ಷಗಳಿಗೂ ಹೆಚ್ಚು ಕಾಲ ದಿನಕ್ಕೊಂದು ಚಿತ್ರ ಮಾಡಿದ ಶ್ರಮದ ಬಗ್ಗೆ ಅವುಗಳಲ್ಲಿ ಒಂದೆರಡು ಸಾಲುಗಳೂ ಇಲ್ಲ. ಎಲ್ಲವೂ ಮೊತ್ತದ ಮಾತು. ಅದೇ ತಿಂಗಳು ಟ್ವಿಟರ್‌ನ ಸ್ಥಾಪಕರಲ್ಲೊಬ್ಬರ ಮೊದಲ ಟ್ವೀಟ್ 29 ಲಕ್ಷ ಡಾಲರಿಗೆ ಹೋಯಿತು. ಕೊಂಡವರು ಒಂದು ವರ್ಷದ ಬಳಿಕ ಅದನ್ನು 4.8 ಕೋಟಿ ಡಾಲರಿಗೆ ಮಾರಲು ಹೊರಟಾಗ ಮೊದಲ ಸುತ್ತಿನಲ್ಲಿ ಬಂದ ಅತಿ ದೊಡ್ಡ ಬಿಡ್ ಮುನ್ನೂರು ಡಾಲರನ್ನೂ ಮುಟ್ಟಲಿಲ್ಲ.

ಯಂತ್ರವೇ ಬರೆದ ಭಾವಚಿತ್ರವೂ ಇದೇ ದಾರಿಯಲ್ಲಿ ಬಂತು. 2018ರ ಅಕ್ಟೋಬರಿನಲ್ಲಿ, ಅದೇ ಹರಾಜು ಸಂಸ್ಥೆಯಲ್ಲಿ, ಎಡ್ಮಂಡ್ ಡಿ ಬೆಲಾಮಿ ಎಂಬ ಎಂದೂ ಇರದ ವ್ಯಕ್ತಿಯೊಬ್ಬನ ಚಿತ್ರಕ್ಕೆ 4,32,500 ಡಾಲರ್ ಬಂದಿತು. ಅಂದಾಜು ಮಾಡಿದ್ದುದು ಹತ್ತು ಸಾವಿರದೊಳಗೆ. ಸಹಿಯ ಜಾಗದಲ್ಲಿ ಗಣಿತದ ಸೂತ್ರವಿತ್ತು. ಮುಖ ಕಲೆಸಿಹೋದಂತಿರುವ ಆ ಚಿತ್ರವನ್ನು ತಯಾರಿಸಲು ಯಂತ್ರಕ್ಕೆ ತೋರಿಸಿದ್ದು ಹದಿನಾಲ್ಕರಿಂದ ಇಪ್ಪತ್ತನೆಯ ಶತಮಾನದವರೆಗಿನ ಹದಿನೈದು ಸಾವಿರ ಭಾವಚಿತ್ರಗಳನ್ನು. ಅವನ್ನು ಬರೆದವರ ಮಾತನ್ನು ಅಂದು ಎತ್ತಿದವರು ವಿರಳ.

ತಮ್ಮ ಪತ್ನಿಯವರ ಗಲ್ಲದ ಮಚ್ಚೆ ಹೋದದ್ದೂ ಹೀಗೆಯೇ. ಇಂದಿನ ಯಂತ್ರ ಕೋಟಿಗಟ್ಟಲೆ ಚಿತ್ರಗಳಿಂದ ಮುಖ ಎಂದರೆ ಸಾಮಾನ್ಯವಾಗಿ ಹೇಗಿರುತ್ತದೆ ಎಂಬುದನ್ನು ಕಲಿತಿರುತ್ತದೆ. ಎಲ್ಲಿ ಒಂದು ಮುಖ ಆ ಸಾಮಾನ್ಯದಿಂದ ಬೇರೆಯಾಗುತ್ತದೆಯೋ ಅಲ್ಲಿ ಅದು ತಿದ್ದಲು ಹೊರಡುತ್ತದೆ. ಒಳ್ಳೆಯ ಭಾವಚಿತ್ರಕಾರ ಮಾಡುವುದು ಸರಿಯಾಗಿ ಇದರ ವಿರುದ್ಧದ ಕೆಲಸ. ಅವನ ಕಣ್ಣು ಮೊದಲು ಹುಡುಕುವುದೇ ಆ ಮಚ್ಚೆಯನ್ನು, ಆ ಚಿಕ್ಕ ಕಣ್ಣನ್ನು. ತಾವು ಚಿತ್ರಕಲೆ ಕಲಿತವರಲ್ಲವೆಂದು ಕಾಗದದಲ್ಲಿ ಎರಡು ಸಲ ಕ್ಷಮೆ ಕೇಳಿದ್ದೀರಿ. ಅದರ ಅಗತ್ಯವಿರಲಿಲ್ಲ. ಬಂದವರೆಲ್ಲ ಹೊಳಪನ್ನು ನೋಡಿದರು, ತಾವೊಬ್ಬರೇ ಮುಖವನ್ನು ನೋಡಿದಿರಿ.

ಕಳೆದ ವರ್ಷ ನಮ್ಮ ವಿಶೇಷಾಂಕಕ್ಕೆ ಯಕ್ಷಗಾನದ ಮುಖಪುಟ ಬೇಕಿದ್ದಾಗ ಯುವಕರೊಬ್ಬರು ಯಂತ್ರದಿಂದ ಮಾಡಿಸಿದ ಅಭಿಮನ್ಯುವನ್ನು ಕಳಿಸಿದ್ದರು. ಬೆಳಕು, ಬಣ್ಣ ಎಲ್ಲ ಕಣ್ಣು ಕೋರೈಸುವಂತಿತ್ತು. ಆದರೆ ಯಕ್ಷಗಾನದ ಬಡಗು ಶೈಲಿಯಾದ ಬಡಗುತಿಟ್ಟಿನ ವೇಷಧಾರಿ ಚೌಕಿಯಲ್ಲಿ, ಎಂದರೆ ಬಣ್ಣದ ಮನೆಯಲ್ಲಿ, ಕುಳಿತು ಬಟ್ಟೆ ಸುತ್ತಿ ಸುತ್ತಿ ಕಟ್ಟಿಕೊಳ್ಳುವ ಕೇದಗೆ ಮುಂದಲೆ ಎಂಬ ತಲೆಯುಡುಗೆಯ ಬದಲು ತಲೆಯ ಮೇಲೆ ಕಥಕಳಿಯ ಕಿರೀಟದಂಥದೇನೋ ಇತ್ತು. ಕೆಳಗಿನ ಶೀರ್ಷಿಕೆಯಲ್ಲಿ ಒತ್ತಕ್ಷರಗಳು ಚೂರು ಚೂರಾಗಿ, ಯಾವ ಭಾಷೆಯದೂ ಅಲ್ಲದ ಗುರುತುಗಳಾಗಿದ್ದವು. ಅದನ್ನು ಅಚ್ಚು ಮಾಡಿದ್ದರೆ ನಮಗೆ ಒಂದು ರೂಪಾಯಿಯೂ ಖರ್ಚಾಗುತ್ತಿರಲಿಲ್ಲ. ನಾವು ಕುಂದಾಪುರದ ಕಡೆಯ ಚಿತ್ರಕಾರರೊಬ್ಬರಿಂದ ಬರೆಸಿದೆವು. ಅವರು ಎರಡು ರಾತ್ರಿ ಮೇಳದ ಜೊತೆ ಚೌಕಿಯಲ್ಲಿ ಕುಳಿತು ಬಂದ ಮೇಲೆಯೇ ಕುಂಚ ಹಿಡಿದರು.

ಒತ್ತಕ್ಷರದ ಮಾತು ಬಂದಾಗ ನನಗೆ ಬೋರ್ಡು ಬರೆಯುವವರ ನೆನಪಾಗದೆ ಇರುವುದಿಲ್ಲ. ನಮ್ಮ ಪ್ರತಿ ತಾಲ್ಲೂಕು ಕೇಂದ್ರದಲ್ಲೂ ಒಬ್ಬಿಬ್ಬರು ಆರ್ಟಿಸ್ಟರಿದ್ದರು. ತಗಡಿಗೆ ಪ್ರೈಮರ್ ಬಳಿದು, ಸೀಮೆಸುಣ್ಣ ಹಚ್ಚಿದ ದಾರದಿಂದ ಗೆರೆ ಹೊಡೆದು, ಎನಾಮಲ್ ಬಣ್ಣದಲ್ಲಿ ಕನ್ನಡದ ತಲೆಕಟ್ಟನ್ನು ಒಂದೇ ಎಳೆತಕ್ಕೆ ಎಳೆಯುತ್ತಿದ್ದರು. ಅಂಗಡಿಯ ಹೆಸರು ನೋಡಿದರೆ ಯಾರ ಕೈ ಎಂದು ಹೇಳಬಹುದಿತ್ತು. ಫ್ಲೆಕ್ಸ್ ಬಂದು ಕೆಲವೇ ವರ್ಷಗಳಲ್ಲಿ ಅವರ ಕೆಲಸ ಹೋಯಿತು. 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ಕಿನೊಂದಿಗೆ ಫ್ಲೆಕ್ಸನ್ನೂ ನಿಷೇಧಿಸಿತು, ಆದರೂ ವೃತ್ತ ವೃತ್ತದಲ್ಲಿ ಅದು ನೇತಾಡುತ್ತಲೇ ಇದೆ. ಬೋರ್ಡು ಬರೆಯುವವರು ಮಾತ್ರ ಹಿಂದಕ್ಕೆ ಬರಲಿಲ್ಲ. ಅಗ್ಗ, ಬೇಗ ಎಂದು ನಾವೆಲ್ಲ ಆಗ ಒಪ್ಪಿಕೊಂಡೆವು, ಪತ್ರಿಕೆಗಳಾದ ನಾವು ಒಂದು ಲೇಖನವನ್ನೂ ಬರೆಯಲಿಲ್ಲ. ಈಗ ಕಥೆಗಳಿಗೆ ಚಿತ್ರ ಬರೆಯುವವರ ಸರದಿ ಬಂದಿದೆ, ಮತ್ತೆ ಸುಮ್ಮನಿರಲು ನನಗೆ ಮನಸ್ಸಿಲ್ಲ.

ತಮ್ಮ ಮಗ ತಾಯಿಯ ಮೇಲಿನ ಪ್ರೀತಿಯಿಂದಲೇ ಆ ಚಿತ್ರ ಮಾಡಿಸಿದ್ದಾರೆ, ಅವರ ಮೇಲೆ ಸಿಟ್ಟು ಬೇಡ. 1974ರಲ್ಲಿ ಸ್ಟುಡಿಯೊಗೆ ಹೋಗಿ ತೆಗೆಸಿದ್ದೆಂದು ತಾವು ಬರೆದಿರುವ ಮೂಲ ಕಪ್ಪು ಬಿಳುಪು ಫೋಟೊ ಇನ್ನೂ ಮನೆಯಲ್ಲೇ ಇರಬೇಕಲ್ಲ. ಚೌಕಟ್ಟು ಹೇಗೂ ಸಿದ್ಧವಾಗಿದೆ. ಮುಂದಿನ ತಿಥಿಗೆ ಮೊದಲು ಅವರ ಕೈಯಿಂದಲೇ ಅದನ್ನು ಬಿಚ್ಚಿಸಿ ಈ ಫೋಟೊವನ್ನು ಹಾಕಿಸಿ, ಮತ್ತು ಮೊಮ್ಮಕ್ಕಳಿಗೆ ಆ ಮಚ್ಚೆಯನ್ನು ಬೆರಳಿಟ್ಟು ತೋರಿಸಿ.